ಪಿತ್ತವೆಂಬ ಸುಲಭಪಾಠ



ಮೂವತ್ತನಾಲ್ಕು ವರ್ಷ ಕಾಲೇಜುಗಳಲ್ಲಿ ಕನ್ನಡ ಪಾಠ ಹೇಳಿದ ನಾನು ಈ ಸಂಜೆ ಒಂದು ರೋಗದ ವಿಚಾರವಾಗಿ ನಿಮ್ಮೊಡನೆ ಮಾತನಾಡಲು ಕುಳಿತಿದ್ದೇನೆ. ವೈದ್ಯನಲ್ಲದವನಿಗೆ ಈ ಅಧಿಕಪ್ರಸಂಗವೇಕೆ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ನನ್ನ ಉತ್ತರ ಇಷ್ಟೆ: ರೋಗಕ್ಕೆ ಚಿಕಿತ್ಸೆ ಮಾಡುವವರು ವೈದ್ಯರು, ಆದರೆ ರೋಗದ ಸುಳಿವನ್ನು ಮೊದಲು ಕಾಣುವವರು ರೋಗಿ ಮತ್ತು ರೋಗಿಯ ಮನೆಯವರು. ಸುಳಿವನ್ನು ಅರಿಯುವುದೂ ಒಂದು ಬಗೆಯ ಓದು. ಓದುವ ವಿದ್ಯೆ ನನಗೆ ಸಾಕಷ್ಟು ಕರಗತವಾಗಿದೆಯೆಂದು ನಾನು ಬಹಳ ಕಾಲ ನಂಬಿದ್ದೆ. ಆ ನಂಬಿಕೆ ಮುರಿದ ಬಗೆಯನ್ನು ಹೇಳುವುದೇ ಈ ಭಾಷಣದ ಉದ್ದೇಶ.

ಎಂ.ಎ. ತರಗತಿಗೆ ನಾನು ಗ್ರಂಥಸಂಪಾದನೆಯ ಪಾಠ ಮಾಡುತ್ತಿದ್ದೆ. ಒಂದೇ ಕಾವ್ಯದ ಹಲವು ಓಲೆಯ ಪ್ರತಿಗಳನ್ನು ಹೋಲಿಸಿ, ಕವಿ ಬರೆದ ಮೂಲಪಾಠ ಯಾವುದೆಂದು ನಿರ್ಣಯಿಸುವ ಶಾಸ್ತ್ರ ಅದು. ಆ ಶಾಸ್ತ್ರದಲ್ಲಿ ಒಂದು ಎಚ್ಚರಿಕೆಯ ಮಾತು ಉಂಟು. ಪ್ರತಿ ಮಾಡುವ ಲಿಪಿಕಾರನಿಗೆ ಅಪರಿಚಿತವಾದ ಶಬ್ದವೊಂದು ಎದುರಾದರೆ, ಅವನು ತಿಳಿದೋ ತಿಳಿಯದೆಯೋ ಅದರ ಜಾಗದಲ್ಲಿ ತನಗೆ ಪರಿಚಿತವಾದ ಶಬ್ದವನ್ನು ಬರೆದುಬಿಡುತ್ತಾನೆ. ಅವನ ಕಣ್ಣು ಗರಿಯ ಮೇಲೆ ಇರುವುದನ್ನು ಕಾಣುವುದಿಲ್ಲ, ತಾನು ನಿರೀಕ್ಷಿಸಿದ್ದನ್ನು ಕಾಣುತ್ತದೆ. ಹೀಗೆ ಕ್ಲಿಷ್ಟವಾದ ಪಾಠ ಅಳಿದು ಸುಲಭವಾದ ಪಾಠ ಉಳಿಯುತ್ತದೆ. ಇದನ್ನು ಎಷ್ಟೋ ತಂಡದ ವಿದ್ಯಾರ್ಥಿಗಳಿಗೆ ವಿವರಿಸಿದ ನಾನು, ನನ್ನ ಒಡಹುಟ್ಟಿದ ಅಕ್ಕನ ವಿಷಯದಲ್ಲಿ ಆ ಲಿಪಿಕಾರನೇ ಆದೆ. ನಾನು ಬರೆದ ಸುಲಭಪಾಠ ‘ಪಿತ್ತ’ ಎಂಬುದು. ಅಲ್ಲಿ ಇದ್ದ ಕ್ಲಿಷ್ಟಪಾಠ ಪಿತ್ತಕೋಶದ ಕ್ಯಾನ್ಸರು.

ಪಿತ್ತ ಎಂಬ ಮಾತು ನಮ್ಮ ನಾಲಗೆಗೆ ಎಷ್ಟು ಹತ್ತಿರದ್ದು! ಬೆಳಗ್ಗೆ ಬಾಯಿ ಕಹಿಯಾದರೆ ಪಿತ್ತ. ತಲೆ ಸುತ್ತಿದರೆ ಪಿತ್ತ. ಎಣ್ಣೆಯ ತಿಂಡಿ ಒಗ್ಗದಿದ್ದರೆ ಪಿತ್ತ. ಸಿಟ್ಟು ಬಂದರೆ ಪಿತ್ತ ಕೆರಳಿತು, ಸಿಟ್ಟು ಮೀರಿದರೆ ಪಿತ್ತ ನೆತ್ತಿಗೇರಿತು. ವಾತ, ಪಿತ್ತ, ಕಫಗಳೆಂಬ ಆಯುರ್ವೇದದ ಮೂರು ದೋಷಗಳಲ್ಲಿ ಜನಸಾಮಾನ್ಯರ ಮಾತಿನಲ್ಲಿ ಹೆಚ್ಚು ಬೇರೂರಿದ್ದು ಇದೇ ಇರಬೇಕು. ಇದು ನಮ್ಮೊಬ್ಬರ ಸ್ವಭಾವವೂ ಅಲ್ಲ. ಪ್ರಾಚೀನ ಗ್ರೀಕರು ಹಳದಿ ಪಿತ್ತ, ಕಪ್ಪು ಪಿತ್ತ ಎಂದು ಎರಡನ್ನು ಹೇಳಿದರು. ಖಿನ್ನತೆಗೆ ಯುರೋಪಿನ ಭಾಷೆಗಳಲ್ಲಿ ಬಳಕೆಯಲ್ಲಿರುವ ‘ಮೆಲಂಕಲಿ’ ಎಂಬ ಪದದ ಮೂಲಾರ್ಥ ಕಪ್ಪು ಪಿತ್ತವೆಂದೇ. ಹೀಗೆ ಎಲ್ಲವನ್ನೂ ಹೇಳುವ ಶಬ್ದ ಒಮ್ಮೊಮ್ಮೆ ಏನನ್ನೂ ಹೇಳದಂತಾಗುತ್ತದೆ. ನೋವಿಗೆ ಹೆಸರು ಸಿಕ್ಕಿತೆಂಬ ಸಮಾಧಾನವೇ ನೋವಿನ ವಿಚಾರಣೆಯನ್ನು ನಿಲ್ಲಿಸಿಬಿಡುತ್ತದೆ.

ಶಬ್ದವನ್ನು ಬಿಟ್ಟು ಅಂಗಕ್ಕೆ ಬರೋಣ. ಪಿತ್ತಕೋಶವೆಂದರೆ ಯಕೃತ್ತೇ ಎಂದು ತಿಳಿದವರು ನಮ್ಮಲ್ಲಿ ಅನೇಕರಿದ್ದಾರೆ. ಹಾಗಲ್ಲ. ಹೊಟ್ಟೆಯ ಬಲಭಾಗದಲ್ಲಿ ಪಕ್ಕೆಲುಬುಗಳ ಆಸರೆಯಲ್ಲಿ ಇರುವ ದೊಡ್ಡ ಅಂಗ ಯಕೃತ್ತು, ಅಚ್ಚಗನ್ನಡದಲ್ಲಿ ಈಲಿ. ಪಿತ್ತರಸವನ್ನು ತಯಾರಿಸುವುದು ಅದು. ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ. ಅದರ ತಳಕ್ಕೆ ಅಂಟಿಕೊಂಡಂತೆ ಇರುವ, ಸೀಬೆಹಣ್ಣಿನಂತೆ ಒಂದು ಕಡೆ ದಪ್ಪವಾಗಿ ಇನ್ನೊಂದು ಕಡೆ ಸಣ್ಣಗಾದ ಪುಟ್ಟ ಚೀಲವೇ ಪಿತ್ತಕೋಶ. ಉದ್ದ ಏಳರಿಂದ ಹತ್ತು ಸೆಂಟಿಮೀಟರು. ಹಿಡಿಸುವುದು ಸುಮಾರು 30ರಿಂದ 50 ಮಿಲಿಲೀಟರು. ಯಕೃತ್ತು ಕಳಿಸಿದ ಪಿತ್ತರಸವನ್ನು ಕೂಡಿಟ್ಟು, ಅದರ ನೀರನ್ನು ಹೀರಿ ಗಟ್ಟಿಗೊಳಿಸಿ, ನಾವು ಜಿಡ್ಡಿನ ಪದಾರ್ಥವನ್ನು ಉಂಡಾಗ ಕುಗ್ಗಿ ಅದನ್ನು ಕರುಳಿಗೆ ಹರಿಸುವುದು ಅದರ ಕೆಲಸ. ಹಬ್ಬದ ದಿನ ಒಬ್ಬಟ್ಟಿನ ಮೇಲೆ ತುಪ್ಪ ಬಿದ್ದಾಗ ಈ ಚೀಲಕ್ಕೆ ಹೆಚ್ಚಿನ ದುಡಿಮೆ.

ಈ ಚೀಲದೊಳಗೆ ಕೆಲವರಿಗೆ ಕಲ್ಲುಗಳು ಬೆಳೆಯುತ್ತವೆ. ಪಿತ್ತರಸದಲ್ಲಿ ಕರಗಿರಬೇಕಾದ ಕೊಲೆಸ್ಟ್ರಾಲು ಮತ್ತು ಬಣ್ಣದ ವಸ್ತುಗಳು ಹರಳುಗಟ್ಟಿ ಆಗುವ ಕಲ್ಲುಗಳು ಅವು. ಬಹುಮಂದಿಗೆ ಅವು ಇರುವುದೇ ಗೊತ್ತಾಗುವುದಿಲ್ಲ. ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನಿಂಗ್ ಮಾಡಿಸಿದಾಗ ಕಾಣುತ್ತವೆ.

ನನ್ನ ಅಕ್ಕನಿಗೆ ಆದುದೂ ಹಾಗೆಯೇ. ನಮ್ಮ ತಾಯಿ ಬೇಗ ತೀರಿಕೊಂಡದ್ದರಿಂದ ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳು; ನನಗಿಂತ ಒಂಬತ್ತು ವರ್ಷಕ್ಕೆ ಹಿರಿಯಳು. ಭಾವ ತೀರಿಕೊಂಡ ಮೇಲೆ ಅರಸೀಕೆರೆಯ ಮನೆಯಲ್ಲಿ ಒಬ್ಬಳೇ ಇದ್ದಳು. ಸುಮಾರು ಐವತ್ತರ ವಯಸ್ಸಿನಲ್ಲಿ ಅವಳ ಪಿತ್ತಕೋಶದಲ್ಲಿ ಕಲ್ಲು ಇದೆಯೆಂದು ತಿಳಿಯಿತು. ತೊಂದರೆ ಕೊಡದಿದ್ದರೆ ಹಾಗೆಯೇ ಇರಲಿ, ಕೊಟ್ಟರೆ ಬನ್ನಿ ಎಂದು ವೈದ್ಯರು ಹೇಳಿದರು. ತಪ್ಪಾದ ಸಲಹೆಯಲ್ಲ ಅದು. ಇಂದಿಗೂ ಸಾಮಾನ್ಯವಾಗಿ ಕೊಡುವ ಸಲಹೆಯೇ. ಕಲ್ಲಿದ್ದವರಲ್ಲಿ ಕ್ಯಾನ್ಸರು ಆಗುವವರು ನೂರರಲ್ಲಿ ಒಬ್ಬರು ಅಥವಾ ಅದಕ್ಕೂ ಕಡಮೆ. ಆದರೆ ಇದೇ ಸಂಗತಿಯನ್ನು ಇನ್ನೊಂದು ಕಡೆಯಿಂದ ನೋಡಿದರೆ ಚಿತ್ರ ಬೇರೆಯಾಗುತ್ತದೆ: ಪಿತ್ತಕೋಶದ ಕ್ಯಾನ್ಸರು ಆದವರಲ್ಲಿ ಬಹುಪಾಲು ಮಂದಿಗೆ ಕಲ್ಲುಗಳಿರುತ್ತವೆ. ಕಲ್ಲಿದ್ದ ಮಾತ್ರಕ್ಕೆ ಹೆದರಬೇಕಾಗಿಲ್ಲ. ಕಲ್ಲಿದೆಯೆಂಬುದನ್ನು ಮರೆಯಲೂ ಬಾರದು. ನಾವು ಮರೆತೆವು.

ಅಕ್ಕನಿಗೆ ಹಬ್ಬದ ಊಟದ ಮೇಲೆ ಒಮ್ಮೊಮ್ಮೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಬರುತ್ತಿತ್ತು. ಬಲವಾಗಿ ಬಂದು, ಒಂದೆರಡು ಗಂಟೆ ಕಾಡಿ, ಹೊರಟುಹೋಗುತ್ತಿತ್ತು. ಅವಳು ಜೀರಿಗೆ ಕಷಾಯ ಕುಡಿದು ಮಲಗುತ್ತಿದ್ದಳು. “ಏನೂ ಇಲ್ಲ ಕಣೋ, ಪಿತ್ತ” ಎನ್ನುತ್ತಿದ್ದಳು. ಹದಿನೈದು ವರ್ಷಕ್ಕೂ ಮಿಕ್ಕಿ ಆ ಮಾತು ನಿಜವೇ ಆಗಿತ್ತು. ಈ ಸಂಗತಿಯನ್ನು ನೀವು ಗಮನಿಸಬೇಕು. ಸುಲಭಪಾಠ ಅಪಾಯಕಾರಿಯಾಗುವುದು ಅದು ಯಾವಾಗಲೂ ತಪ್ಪಾಗಿರುತ್ತದೆ ಎಂಬುದರಿಂದಲ್ಲ; ಬಹುಸಲ ಸರಿಯಾಗಿಯೇ ಇರುತ್ತದೆ ಎಂಬುದರಿಂದ.

2017ರ ಬೇಸಿಗೆಯಲ್ಲಿ ಆ ನೋವಿನ ನಡೆ ಬದಲಾಯಿತು. ಮೊದಲು ಬಂದು ಹೋಗುತ್ತಿದ್ದ ನೋವು ಈಗ ಬಂದು ನಿಂತಿತು. ಉಂಡರೂ ಇತ್ತು, ಉಪವಾಸವಿದ್ದರೂ ಇತ್ತು. ಮೊದಲಿನಂತೆ ತೀವ್ರವಲ್ಲ, ಪಕ್ಕೆಲುಬಿನ ಕೆಳಗೆ ಏನೋ ಭಾರ ಇಟ್ಟಂತೆ, ಒಮ್ಮೊಮ್ಮೆ ಬಲಭುಜದ ಹಿಂಭಾಗಕ್ಕೆ ಎಳೆದಂತೆ. ತೀವ್ರತೆ ಕಡಮೆಯಾದುದರಿಂದ ನಾವೆಲ್ಲ ಅದನ್ನು ಶುಭವೆಂದೇ ಎಣಿಸಿದೆವು. ಪದ್ಯದಲ್ಲಿ ಒಂದು ಮಾತ್ರೆ ತಪ್ಪಿದರೆ ತರಗತಿಯಲ್ಲಿ ಆ ಸಾಲನ್ನು ಅಲ್ಲಿಯೇ ತಡೆದು, ಪಾಠ ಇಲ್ಲಿ ಕೆಟ್ಟಿದೆ, ನೋಡಿ ಎನ್ನುತ್ತಿದ್ದ ನಾನು, ನೋವಿನ ಛಂದಸ್ಸು ಕೆಟ್ಟುದನ್ನು ಗಮನಿಸಲಿಲ್ಲ.

ಆಮೇಲೆ ಅವಳಿಗೆ ಊಟ ಬೇಡವಾಯಿತು. ನಾಲ್ಕು ತುತ್ತಿಗೆ ಹೊಟ್ಟೆ ತುಂಬಿತೆನ್ನುವಳು. ಜೀವಮಾನವಿಡೀ ಬೆಳಗ್ಗೆ ಫಿಲ್ಟರ್ ಕಾಫಿಯಿಲ್ಲದೆ ಕಣ್ಣು ಬಿಡದಿದ್ದವಳು ಕಾಫಿಯ ವಾಸನೆಗೆ ವಾಕರಿಕೆ ಬರುತ್ತದೆಂದು ಲೋಟವನ್ನು ದೂರ ಸರಿಸಿದಳು. ಕೈಬಳೆಗಳು ಸಡಿಲವಾಗಿ ಮೊಳಕೈಯವರೆಗೆ ಜಾರತೊಡಗಿದವು. “ಬಿಸಿಲಿಗೆ ಸೊರಗಿದ್ದೀನಿ, ಮಳೆ ಬಂದ್ರೆ ಸರಿಹೋಗುತ್ತೆ ಬಿಡೋ” ಎಂದಳು. ಮಳೆಯೂ ಬಂತು. ಅದರೊಡನೆ ಮೈತುರಿಕೆ ಬಂತು. ಗಂದೆಯಿಲ್ಲ, ಗುಳ್ಳೆಯಿಲ್ಲ, ಬರಿಯ ತುರಿಕೆ. ರಾತ್ರಿಯ ಹೊತ್ತು ಹೆಚ್ಚು. ಬದನೆಕಾಯಿ ನಂಜಾಗಿದೆಯೆಂದು ತೀರ್ಮಾನಿಸಿ ಬದನೆಕಾಯಿ ಬಿಟ್ಟಳು. ಒಂದೊಂದು ಲಕ್ಷಣಕ್ಕೂ ನಮ್ಮ ಬಳಿ ಒಂದೊಂದು ಸುಲಭವಾದ ವಿವರಣೆ ಇತ್ತು: ನೋವಿಗೆ ಪಿತ್ತ, ಸೊರಗಿದ್ದಕ್ಕೆ ಬಿಸಿಲು, ತುರಿಕೆಗೆ ನಂಜು. ಬಿಡಿಬಿಡಿಯಾಗಿ ಎಲ್ಲವೂ ಒಪ್ಪುವಂತೆಯೇ ಇದ್ದವು. ಎಲ್ಲವನ್ನೂ ಒಂದು ವಾಕ್ಯವಾಗಿ ಕೂಡಿಸಿ ಓದಿದವರು ಯಾರೂ ಇರಲಿಲ್ಲ.

ಆ ವರ್ಷ ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಬಂದ ನೆರೆಮನೆಯಾಕೆ ಅಂಗಳದ ಬೆಳಕಿನಲ್ಲಿ ಅಕ್ಕನ ಮುಖ ನೋಡಿ, “ಏನ್ರೀ, ನಿಮ್ಮ ಕಣ್ಣು ಹಳದಿ ಆಗಿದೆ, ಕಾಮಾಲೆ ಇರಬೇಕು” ಎಂದರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆಯನ್ನು ನಾವು ಬಲ್ಲೆವು. ಕಾಮಾಲೆ ಕಣ್ಣನ್ನೇ ಕಾಣಲಾರದ ನಮಗೆ ಯಾವ ಗಾದೆ ಹೊಂದುತ್ತದೆಯೋ ತಿಳಿಯದು. ಅಲ್ಲಿಂದ ಮೂರು ವಾರ ನೆಲನೆಲ್ಲಿಯ ಔಷಧ, ಮಜ್ಜಿಗೆಯ ಪಥ್ಯ. ನಾನು ಹೋಗಿ ನೋಡಿ, “ಕಾಮಾಲೆಗೆ ಇದೇ ಒಳ್ಳೆಯದು ಬಿಡಕ್ಕ” ಎಂದು ಹೇಳಿ ಬಂದೆ. ನಾಲ್ಕನೆಯ ವಾರ ಸ್ಕ್ಯಾನಿಂಗ್ ಆಯಿತು. ಪಿತ್ತಕೋಶದಲ್ಲಿ ಹುಟ್ಟಿದ ಗಂಟು ಯಕೃತ್ತಿನೊಳಕ್ಕೂ ಪಿತ್ತನಾಳಕ್ಕೂ ಹಬ್ಬಿತ್ತು.

ಈ ರೋಗದ ವಿಚಾರವಾಗಿ ಅಂದಿನಿಂದ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ಈಗ ಕ್ರಮವಾಗಿ ಹೇಳುತ್ತೇನೆ.

ಇದು ಹೊಸ ರೋಗವೇನೂ ಅಲ್ಲ. ವಿಯೆನ್ನಾದ ಮ್ಯಾಕ್ಸಿಮಿಲಿಯನ್ ಸ್ಟೋಲ್ ಎಂಬ ವೈದ್ಯ 1777ರಲ್ಲಿಯೇ ಇದನ್ನು ವರ್ಣಿಸಿದ್ದಾನೆ. ಜಗತ್ತಿನ ಲೆಕ್ಕದಲ್ಲಿ ಇದು ವಿರಳವಾದುದು. 2020ರ ಅಂದಾಜಿನಂತೆ ಆ ಒಂದು ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 1,16,000 ಮಂದಿಗೆ ಈ ರೋಗ ಹೊಸದಾಗಿ ಕಾಣಿಸಿಕೊಂಡಿತು. ಅದೇ ವರ್ಷ ಸುಮಾರು 85,000 ಮಂದಿ ಇದರಿಂದ ಮಡಿದರು. ಈ ಎರಡು ಅಂಕಿಗಳ ನಡುವಣ ಅಂತರ ಎಷ್ಟು ಕಿರಿದೆಂಬುದನ್ನು ಗಮನಿಸಿ. ರೋಗ ತಡವಾಗಿ ಪತ್ತೆಯಾಗುತ್ತದೆಂಬುದಕ್ಕೆ ಅದೇ ಸಾಕ್ಷಿ. ದಕ್ಷಿಣ ಅಮೆರಿಕದ ಚಿಲಿ, ಬೊಲಿವಿಯಾ ದೇಶಗಳಲ್ಲಿ ಇದು ಹೆಚ್ಚು. ನಮ್ಮ ದೇಶದಲ್ಲಿ ಉತ್ತರ ಪ್ರದೇಶ, ಬಿಹಾರ, ಪಶ್ಚಿಮ ಬಂಗಾಳ, ಅಸ್ಸಾಂ, ಅಂದರೆ ಗಂಗೆ ಬ್ರಹ್ಮಪುತ್ರೆಗಳ ಬಯಲಿನಲ್ಲಿ ಹೆಚ್ಚು. ನಮ್ಮ ದಕ್ಷಿಣದಲ್ಲಿ ಕಡಮೆ. ಕಡಮೆಯೆಂದರೆ ಇಲ್ಲವೆಂದಲ್ಲ. ವಿರಳವಾದುದರಿಂದಲೇ ಅದು ನಮ್ಮ ನೆನಪಿಗೆ ಬರುವುದು ತಡವಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ವಯಸ್ಸು ಐವತ್ತು ದಾಟಿದಂತೆ ಸಂಭವ ಏರುತ್ತದೆ. ಮನೆಯವರೆಲ್ಲರ ಆರೋಗ್ಯ ವಿಚಾರಿಸಿ ತನ್ನದನ್ನು ಕೊನೆಗಿಡುವುದು ನಮ್ಮ ಹೆಂಗಸರ ರೂಢಿ. ಈ ರೋಗಕ್ಕೆ ಅನುಕೂಲವಾದ ರೂಢಿ ಅದು.

ಯಾರು ಹೆಚ್ಚು ಎಚ್ಚರದಿಂದಿರಬೇಕು? ಮೂರು ಸೆಂಟಿಮೀಟರಿಗಿಂತ ದೊಡ್ಡ ಕಲ್ಲುಗಳಿರುವವರು; ಪಿತ್ತಕೋಶದ ಒಳಗೋಡೆಯಲ್ಲಿ ಒಂದು ಸೆಂಟಿಮೀಟರಿಗಿಂತ ದೊಡ್ಡದಾದ ಪಾಲಿಪ್, ಅಂದರೆ ಮೊಳಕೆಯಂಥ ಬೆಳವಣಿಗೆ ಇರುವವರು; ಹಳೆಯ ಉರಿಯೂತದಿಂದ ಗೋಡೆಯಲ್ಲಿ ಸುಣ್ಣದ ಅಂಶ ಕಟ್ಟಿಕೊಂಡವರು; ಪಿತ್ತನಾಳವೂ ಮೇದೋಜೀರಕ ಗ್ರಂಥಿಯ ನಾಳವೂ ಹುಟ್ಟಿನಿಂದಲೇ ಅಸಹಜವಾಗಿ ಕೂಡಿಕೊಂಡಿರುವವರು; ವಿಷಮಶೀತಜ್ವರ ಬಂದುಹೋದ ಮೇಲೂ ಅದರ ಕ್ರಿಮಿಯನ್ನು ವರ್ಷಗಟ್ಟಲೆ ಪಿತ್ತಕೋಶದಲ್ಲಿ ಹೊತ್ತಿರುವವರು; ಅತಿಸ್ಥೂಲಕಾಯರು; ಮನೆತನದಲ್ಲಿ ಈ ರೋಗ ಬಂದವರು. ಇವರಲ್ಲಿ ಯಾರಿಗೂ ರೋಗ ಖಂಡಿತವೆಂದು ಅರ್ಥವಲ್ಲ. ನೋವಿಲ್ಲದಿದ್ದರೂ ಇವರು ಒಮ್ಮೆ ಶಸ್ತ್ರವೈದ್ಯರ ಅಭಿಪ್ರಾಯ ಕೇಳುವುದು ಒಳ್ಳೆಯದೆಂದಷ್ಟೇ ಅರ್ಥ.

ಇನ್ನು ಲಕ್ಷಣಗಳು. ಮೊದಲು ಒಂದು ಕಹಿಸತ್ಯವನ್ನು ಹೇಳಬೇಕು: ಆರಂಭದ ಅವಸ್ಥೆಯಲ್ಲಿ ಈ ರೋಗಕ್ಕೆ ಬಹುತೇಕ ಯಾವ ಲಕ್ಷಣವೂ ಇಲ್ಲ. ಪಿತ್ತಕೋಶ ಒಳಗೆ ಹುದುಗಿದ ಅಂಗ. ಗಂಟು ಸಣ್ಣದಿದ್ದಾಗ ಕೈಗೂ ಸಿಗದು, ನೋವನ್ನೂ ಕೊಡದು. ಅದರ ಗೋಡೆಯೂ ತೆಳು. ಜಠರ ಕರುಳುಗಳ ಗೋಡೆಯಲ್ಲಿರುವ ಒಂದು ಪದರ ಇದರಲ್ಲಿಲ್ಲ. ಯಕೃತ್ತಂತೂ ಪಕ್ಕದಲ್ಲೇ ಇದೆ. ಆದುದರಿಂದ ರೋಗ ಗೋಡೆಯನ್ನು ದಾಟಿ ನೆರೆಮನೆ ಸೇರುವುದಕ್ಕೆ ಹೆಚ್ಚು ಕಾಲ ಬೇಕಾಗುವುದಿಲ್ಲ.

ಲಕ್ಷಣಗಳು ಕಾಣತೊಡಗಿದಾಗ ಸಾಮಾನ್ಯವಾಗಿ ಮುಂದೆ ಬರುವುದು ನೋವು: ಹೊಟ್ಟೆಯ ಮೇಲ್ಭಾಗದಲ್ಲಿ, ಬಲಗಡೆ. ಕಲ್ಲಿನ ನೋವು ಊಟದ ಬೆನ್ನಿಗೆ ಬಂದು ಕೆಲವು ಗಂಟೆಗಳಲ್ಲಿ ಇಳಿಯುವುದು ವಾಡಿಕೆ. ದಿನವಿಡೀ ಇರುವ, ವಾರಗಳು ಕಳೆದರೂ ಬಿಡದ ನೋವು ಬೇರೆಯೇ ಮಾತು. ಎರಡನೆಯದು ಅರುಚಿ, ವಾಕರಿಕೆ, ವಾಂತಿ, ಸ್ವಲ್ಪಕ್ಕೇ ಹೊಟ್ಟೆ ತುಂಬಿದಂತಾಗುವುದು. ಮೂರನೆಯದು, ಕಾರಣವಿಲ್ಲದೆ ತೂಕ ಇಳಿಯುವುದು. ತಕ್ಕಡಿ ಇಲ್ಲದ ಮನೆಯಲ್ಲಿಯೂ ಬಳೆ, ಉಂಗುರ, ರವಿಕೆಗಳು ಅದನ್ನು ಹೇಳುತ್ತವೆ. ನಾಲ್ಕನೆಯದು ಕಾಮಾಲೆ. ಐದನೆಯದು ಬಲಪಕ್ಕೆಯ ಕೆಳಗೆ ಕೈಗೆ ಸಿಗುವ ಗಂಟು. ಇವುಗಳೊಡನೆ ಒಮ್ಮೊಮ್ಮೆ ಜ್ವರ. ರೋಗ ಬೆಳೆದಾಗ ಹೊಟ್ಟೆಯಲ್ಲಿ ನೀರು ತುಂಬಿ ಉಬ್ಬುವುದೂ ಉಂಟು.

ಕಾಮಾಲೆಯ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಹೆಚ್ಚಾಗಿ ಕಾಣುವ ಕಾಮಾಲೆ ಕಲುಷಿತವಾದ ನೀರು ಆಹಾರಗಳ ಮೂಲಕ ಬರುವ ವೈರಸ್ಸಿನಿಂದ ಆದದ್ದು. ಅದು ಬಹುಮಂದಿಗೆ ವಿಶ್ರಾಂತಿಯಿಂದಲೇ ಕೆಲವು ವಾರಗಳಲ್ಲಿ ತಾನಾಗಿ ವಾಸಿಯಾಗುತ್ತದೆ. ಹಾಗೆ ವಾಸಿಯಾದುದರ ಕೀರ್ತಿ ಆ ವಾರಗಳಲ್ಲಿ ಕುಡಿದ ಬೇರಿಗೂ ಸೊಪ್ಪಿಗೂ, ಕೈಗೆ ಹಾಕಿಸಿಕೊಂಡ ಬರೆಗೂ ಸಲ್ಲುತ್ತ ಬಂದಿದೆ. ಆದರೆ ಪಿತ್ತನಾಳಕ್ಕೆ ತಡೆಯುಂಟಾಗಿ ಬರುವ ಕಾಮಾಲೆ ಬೇರೆ. ಕರುಳಿಗೆ ಇಳಿಯಬೇಕಾದ ಪಿತ್ತ ರಕ್ತಕ್ಕೆ ತಿರುಗುತ್ತದೆ. ಮಲಕ್ಕೆ ಬಣ್ಣ ಕೊಡುವುದು ಪಿತ್ತ. ಅದು ಇಳಿಯದ ಕಾರಣ ಮಲ ಜೇಡಿಮಣ್ಣಿನಂತೆ ಬಿಳಿಚಿಕೊಳ್ಳುತ್ತದೆ. ರಕ್ತಕ್ಕೆ ತಿರುಗಿದ ಬಣ್ಣ ಮೂತ್ರದಲ್ಲಿ ಇಳಿದು, ಅದು ಕಡು ಚಹಾದ ಬಣ್ಣಕ್ಕೆ ಬರುತ್ತದೆ. ಮೈ ತುರಿಸುತ್ತದೆ. ಹಳದಿ ಕಣ್ಣು, ಕಡುಬಣ್ಣದ ಮೂತ್ರ, ಬಿಳಿಚಿದ ಮಲ, ಮೈತುರಿಕೆ ಇವು ಕೂಡಿ ಬಂದರೆ ಹಾದಿ ಎಲ್ಲೋ ಕಟ್ಟಿದೆಯೆಂದು ತಿಳಿಯಬೇಕು. ಕಟ್ಟಿದ್ದು ಕಲ್ಲೇ ಇರಬಹುದು, ಬೇರೆಯೂ ಇರಬಹುದು. ಯಾವ ಕಷಾಯವೂ ಅದನ್ನು ನಿರ್ಣಯಿಸಲಾರದು. ಇಲ್ಲಿ ಕಾಯುವ ಒಂದೊಂದು ವಾರವೂ ದುಬಾರಿ. ಕಣ್ಣಿನ ಹಳದಿಯನ್ನು ಹಗಲಿನ ಬೆಳಕಿನಲ್ಲಿ ನೋಡಬೇಕೆಂಬುದನ್ನೂ ನೆನಪಿಡಿ. ದೀಪದ ಹಳದಿ ಬೆಳಕು ಅದನ್ನು ಮರೆಸುತ್ತದೆ. ಸಂಜೆ ಬಸ್ಸಿಗೆ ಹೋಗಿ, ರಾತ್ರಿ ಅಕ್ಕನ ಜೊತೆ ಉಂಡು, ನಸುಕಿನ ಬಸ್ಸಿಗೆ ಹಿಂದಿರುಗುತ್ತಿದ್ದ ತಮ್ಮನಿಗೆ ಅದು ಕಾಣದೆ ಹೋದದ್ದಕ್ಕೆ ಅದೂ ಒಂದು ಕಾರಣ.

ಕೂರ್‌ವಾಸಿಯೇ ಎಂಬ ಸ್ವಿಸ್ ಶಸ್ತ್ರವೈದ್ಯ 1890ರಲ್ಲಿ ಹೇಳಿದ ಒಂದು ಸೂತ್ರವನ್ನು ವೈದ್ಯ ವಿದ್ಯಾರ್ಥಿಗಳು ಇಂದಿಗೂ ಕಲಿಯುತ್ತಾರೆ. ಕಾಮಾಲೆಯಿದ್ದು, ಪಿತ್ತಕೋಶ ನೋವಿಲ್ಲದೆ ಉಬ್ಬಿ ಕೈಗೆ ಸಿಕ್ಕಿದರೆ, ಕಾರಣ ಕಲ್ಲಿರುವುದು ಅಸಂಭವ ಎಂಬುದು ಅದರ ತಾತ್ಪರ್ಯ. ನೋವಿಲ್ಲದಿರುವುದು ಯಾವಾಗಲೂ ಶುಭಲಕ್ಷಣವಲ್ಲ ಎಂಬ ಪಾಠ ಅದರಲ್ಲಿದೆ.

ಈ ಲಕ್ಷಣಗಳನ್ನು ಕೇಳಿ ನಿಮ್ಮಲ್ಲಿ ಕೆಲವರಿಗಾದರೂ ಇದು ನನಗೂ ಇದೆಯಲ್ಲ ಎನ್ನಿಸಿರಬಹುದು. ಗ್ರಂಥಸಂಪಾದನೆಯ ಸೂತ್ರವನ್ನು ದೇಹಕ್ಕೆ ಯಥಾವತ್ತಾಗಿ ಹೇರಲಾಗದು. ಅಜೀರ್ಣ ಬಹುಮಟ್ಟಿಗೆ ಅಜೀರ್ಣವೇ. ಹೊಟ್ಟೆನೋವು ಬಹುಮಟ್ಟಿಗೆ ತಾನಾಗಿ ಹೋಗುವ ಹೊಟ್ಟೆನೋವೇ. ಪ್ರತಿಯೊಂದು ತೇಗಿಗೂ ಕ್ಯಾನ್ಸರನ್ನು ನೆನೆಯುವುದು ಬದುಕುವ ರೀತಿಯಲ್ಲ. ನಾನು ಹೇಳುವುದು ಇಷ್ಟು: ನೋವು ಹೊಸದೇ, ಅಥವಾ ಹಳೆಯ ನೋವೇ ಹೊಸ ನಡೆ ಹಿಡಿದಿದೆಯೇ? ಎರಡು ಮೂರು ವಾರವಾದರೂ ಬಿಡದೆ ಇದೆಯೇ? ಒಂದು ಲಕ್ಷಣದ ಜೊತೆಗೆ ಇನ್ನೊಂದು ಬಂದು ಸೇರುತ್ತಿದೆಯೇ? ಈ ಮೂರು ಪ್ರಶ್ನೆಗಳಲ್ಲಿ ಒಂದಕ್ಕಾದರೂ ಹೌದೆಂಬ ಉತ್ತರ ಬಂದರೆ ಮನೆಯ ವಿವರಣೆಯನ್ನು ಬದಿಗಿಟ್ಟು ವೈದ್ಯರಲ್ಲಿಗೆ ಹೋಗಬೇಕು. ಕಣ್ಣು ಹಳದಿಯಾದರಂತೂ ಪ್ರಶ್ನೆಗಳೇ ಬೇಡ, ಅಂದೇ ಹೊರಡಬೇಕು. ಹೋದಾಗ ನಮ್ಮ ನಿರ್ಣಯವನ್ನು ಹೇಳದೆ ಲಕ್ಷಣಗಳನ್ನು ಹೇಳಬೇಕು. “ಪಿತ್ತ ಆಗಿದೆ ಡಾಕ್ಟ್ರೇ” ಎಂದರೆ ಪಿತ್ತಕ್ಕೆ ಗುಳಿಗೆ ಸಿಗುತ್ತದೆ. “ಎರಡು ತಿಂಗಳಿಂದ ಇಲ್ಲಿ ನೋವು, ಊಟ ಸೇರದು, ಐದು ಕೆ.ಜಿ. ಇಳಿದಿದ್ದೇನೆ, ಹಿಂದೆ ಕಲ್ಲು ಇದೆ ಎಂದಿದ್ದರು” ಎಂದರೆ ಸ್ಕ್ಯಾನಿಂಗಿಗೆ ಚೀಟಿ ಸಿಗುತ್ತದೆ.

ಮೊದಲ ಪರೀಕ್ಷೆ ಬಹು ಸರಳವಾದುದು. ಹೊಟ್ಟೆಯ ಅಲ್ಟ್ರಾಸೌಂಡು ಸೂಜಿಯಿಲ್ಲದೆ, ನೋವಿಲ್ಲದೆ, ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ; ನಮ್ಮ ತಾಲ್ಲೂಕು ಪಟ್ಟಣಗಳಲ್ಲಿಯೂ ಆಗುತ್ತದೆ. ಗೋಡೆ ದಪ್ಪಗಾಗಿದ್ದರೆ, ಗಂಟು ಕಂಡರೆ, ಮುಂದೆ ಸಿ.ಟಿ., ಎಂ.ಆರ್.ಐ. ಚಿತ್ರಗಳು, ರಕ್ತಪರೀಕ್ಷೆಗಳು. ರಕ್ತಪರೀಕ್ಷೆಯೊಂದರಿಂದಲೇ ಈ ರೋಗ ಇದೆಯೆಂದೋ ಇಲ್ಲವೆಂದೋ ನಿಶ್ಚಯಿಸಲಾಗದು. ಆರೋಗ್ಯವಂತರೆಲ್ಲರನ್ನೂ ಸಾಲಾಗಿ ಪರೀಕ್ಷಿಸಿ ಇದನ್ನು ಹಿಡಿಯುವ ವ್ಯವಸ್ಥೆ ನಮ್ಮ ದೇಶದಲ್ಲಿ ಇಲ್ಲ. ರೋಗ ಹೆಚ್ಚಾಗಿರುವ ಚಿಲಿ ದೇಶದಲ್ಲಿ 2006ರಿಂದ, 35ರಿಂದ 49 ವರ್ಷದೊಳಗಿನ ಕಲ್ಲಿರುವವರಿಗೆ ಪಿತ್ತಕೋಶವನ್ನು ಮುಂಜಾಗ್ರತೆಯಾಗಿ ತೆಗೆಸುವ ಸೌಲಭ್ಯವನ್ನು ಸರ್ಕಾರವೇ ಒದಗಿಸಿತು. ಪಿತ್ತಕೋಶವಿಲ್ಲದೆಯೂ ಮನುಷ್ಯ ಬದುಕಬಲ್ಲನೆಂಬುದು ಬಹಳ ಹಿಂದೆಯೇ ತಿಳಿದ ಸಂಗತಿ. ಬರ್ಲಿನ್ನಿನ ಲಾಂಗೆನ್‌ಬುಖ್ 1882ರಲ್ಲಿ ಮೊದಲ ಬಾರಿಗೆ ಅದನ್ನು ತೆಗೆದು ತೋರಿಸಿದನು.

ಇಲ್ಲಿ ಇನ್ನೊಂದು ಪ್ರಸಂಗವನ್ನು ಹೇಳಲೇಬೇಕು. ನನ್ನ ಸಹೋದ್ಯೋಗಿ ಮಿತ್ರರೊಬ್ಬರ ಪತ್ನಿಗೆ 2014ರಲ್ಲಿ ಕಲ್ಲಿಗಾಗಿ ಪಿತ್ತಕೋಶದ ಶಸ್ತ್ರಕ್ರಿಯೆಯಾಯಿತು. ಮೂರನೆಯ ದಿನ ಮನೆಗೆ ಬಂದರು. ಹತ್ತನೆಯ ದಿನ ಹೊಲಿಗೆ ಮಾಯಿತು. ತೆಗೆದ ಅಂಗವನ್ನು ಸೀಸೆಯಲ್ಲಿ ಹಾಕಿ ಪ್ರಯೋಗಾಲಯಕ್ಕೆ ಕೊಡಿಸಿದ್ದರು. ವರದಿ ತರುವುದನ್ನು ಮಿತ್ರರು ಮರೆತೇಬಿಟ್ಟರು. ಹೊರಗೆ ತೆಗೆದ ಮೇಲೆ ಅದರ ವರದಿಯಿಂದ ಆಗಬೇಕಾದುದೇನು ಎಂಬ ಭಾವನೆ. ಐದು ವಾರ ಕಳೆದ ಮೇಲೆ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟಿನ ನಡುವೆ ಪ್ರಯೋಗಾಲಯದ ರಸೀದಿ ಸಿಕ್ಕಿತು. ಹೋಗಿ ತಂದರು. ಪಿತ್ತಕೋಶದ ಗೋಡೆಯಲ್ಲಿ, ಬರಿಗಣ್ಣಿಗೆ ಕಾಣದಷ್ಟು, ಕ್ಯಾನ್ಸರು ಇತ್ತು. ಇದು ಅಪೂರ್ವವಾದರೂ ಕೇಳದ ಸಂಗತಿಯಲ್ಲ. ಕಲ್ಲಿಗೆಂದು ತೆಗೆದ ಪಿತ್ತಕೋಶಗಳಲ್ಲಿ ಸ್ವಲ್ಪ ಪಾಲಿನಲ್ಲಿ ಹೀಗೆ ಆಕಸ್ಮಿಕವಾಗಿ ಕ್ಯಾನ್ಸರು ಪತ್ತೆಯಾಗುತ್ತದೆ. ಗೋಡೆಯ ಒಳಪದರದಲ್ಲಿಯೇ ಇದ್ದರೆ ಆದ ಶಸ್ತ್ರಕ್ರಿಯೆಯೇ ಸಾಕು. ಇನ್ನೂ ಆಳಕ್ಕಿಳಿದಿದ್ದರೆ ಯಕೃತ್ತಿನ ಪಕ್ಕದ ಭಾಗವನ್ನೂ ಸುತ್ತಲಿನ ದುಗ್ಧಗ್ರಂಥಿಗಳನ್ನೂ ತೆಗೆಯುವ ಎರಡನೆಯ ಶಸ್ತ್ರಕ್ರಿಯೆ ಬೇಕಾಗುತ್ತದೆ. ಆಕೆಗೆ ಎರಡನೆಯದು ಬೇಕಾಯಿತು. ಬೆಂಗಳೂರಿನಲ್ಲಿ ಆಯಿತು. ಇಂದಿಗೂ ಆಕೆ ಆರೋಗ್ಯವಾಗಿದ್ದಾರೆ. ಮೊನ್ನೆ ನಮ್ಮ ಮನೆಗೆ ಬಂದು ಮೊಮ್ಮಗನ ಚೌಲಕ್ಕೆ ಕರೆದು ಹೋದರು. ಆದುದರಿಂದ ನಿಮ್ಮ ಮನೆಯಲ್ಲಿ ಯಾರದೇ ಪಿತ್ತಕೋಶ ತೆಗೆಸಿದರೂ, ಅದನ್ನು ಪರೀಕ್ಷೆಗೆ ಕಳಿಸಿದರೇ ಎಂದು ಕೇಳಿ. ವರದಿಯನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ ವೈದ್ಯರಿಂದ ಓದಿಸಿಕೊಳ್ಳಿ. ಆ ಒಂದು ಹಾಳೆಯನ್ನು ಓದದೆ ಶಸ್ತ್ರಕ್ರಿಯೆ ಮುಗಿಯಿತೆಂದು ಎಣಿಸಬೇಡಿ.

ಇಸವಿಗಳನ್ನು ನೀವು ಗಮನಿಸಿರಬಹುದು. ಮಿತ್ರರ ಮನೆಯಲ್ಲಿ ಇದಾದದ್ದು 2014. ಅಕ್ಕನ ಕಾಯಿಲೆ 2017. ಹೀಗೊಂದು ರೋಗವಿದೆಯೆಂಬುದನ್ನು, ಕಲ್ಲಿಗೂ ಅದಕ್ಕೂ ನಂಟುಂಟೆಂಬುದನ್ನು ನಾನು ಮೂರು ವರ್ಷ ಮೊದಲೇ ಬಲ್ಲವನಾಗಿದ್ದೆ. ಆ ರಸೀದಿಯನ್ನು ಹುಡುಕುವಾಗ ಪಕ್ಕದಲ್ಲಿ ಕುಳಿತಿದ್ದವನು ನಾನೇ. ಆದರೂ ಅಕ್ಕ “ಪಿತ್ತ ಕಣೋ” ಎಂದಾಗ ನನಗೆ ಅದು ಹೊಳೆಯಲಿಲ್ಲ. ಅವಳ ದನಿಯಲ್ಲಿ ಆ ಮಾತು ಅಷ್ಟು ಹಳೆಯದು, ಅಷ್ಟು ಮನೆಯದು.

ಸ್ಕ್ಯಾನಿಂಗಿನ ಚಿತ್ರಗಳನ್ನು ನೋಡಿದ ಶಸ್ತ್ರವೈದ್ಯರನ್ನು ನಾನು ಕೇಳಿದೆ, ಬೇಸಿಗೆಯಲ್ಲೇ ಬಂದಿದ್ದರೆ ಉಳಿಯುತ್ತಿದ್ದಳೇ ಎಂದು. ಅವರು ಸುಳ್ಳು ಸಮಾಧಾನ ಹೇಳುವವರಲ್ಲ. “ಮೇಷ್ಟ್ರೇ, ಅದನ್ನು ಯಾರೂ ಹೇಳಲಾರರು. ನೋವು ನಿಂತುಕೊಂಡ ಹೊತ್ತಿಗೇ ದಾಟಿದ್ದಿರಬಹುದು. ಆದರೆ ಆ ತುರಿಕೆಯನ್ನು ಎರಡು ತಿಂಗಳು ಮೊದಲೇ ನಿಲ್ಲಿಸಬಹುದಿತ್ತು” ಎಂದರು. ಕಟ್ಟಿದ ಪಿತ್ತನಾಳದೊಳಕ್ಕೆ ಸಣ್ಣ ಕೊಳವೆಯೊಂದನ್ನು ಕೂಡಿಸಿದರು. ಕೆಲವೇ ದಿನಗಳಲ್ಲಿ ಕಣ್ಣು ತಿಳಿಯಾಯಿತು, ತುರಿಕೆ ಇಳಿಯಿತು, ಅಕ್ಕ ರಾತ್ರಿ ನಿದ್ದೆ ಮಾಡಿದಳು. “ಇದು ಮೊದಲೇ ಗೊತ್ತಿದ್ರೆ ಎಷ್ಟು ರಾತ್ರಿ ಉಳೀತಿತ್ತೋ” ಎಂದಳೇ ಹೊರತು ನನ್ನನ್ನು ಒಂದು ಮಾತು ಅನ್ನಲಿಲ್ಲ. ಗಂಟನ್ನು ತೆಗೆಯುವ ಹಾಗಿರಲಿಲ್ಲ. ಅಂಥವರಿಗೆ ಕೊಡುವ ರಾಸಾಯನಿಕ ಚಿಕಿತ್ಸೆಯನ್ನು ಕೊಟ್ಟರು. ಆ ಚಿಕಿತ್ಸೆಯೂ ಅಂದಿಗಿಂತ ಇಂದು ಮುಂದುವರಿದಿದೆ. ದೇಹದ ರೋಗನಿರೋಧಕ ಶಕ್ತಿಯನ್ನೇ ಎಚ್ಚರಿಸುವ ಔಷಧಗಳು 2022ರಿಂದೀಚೆಗೆ ಅದರ ಜೊತೆಗೆ ಸೇರಿವೆ. ಆಯುಸ್ಸನ್ನು ಅವು ಸ್ವಲ್ಪ ಹಿಗ್ಗಿಸಬಲ್ಲವು. ಬೇಗ ಕಂಡುಹಿಡಿದು ಗಂಟನ್ನು ಪೂರ್ತಿ ತೆಗೆಯುವುದಕ್ಕೆ ಸಮನಾದುದು ಇನ್ನೂ ಇಲ್ಲ.

ಅಕ್ಕ ಆರು ತಿಂಗಳು ಬದುಕಿದಳು. 2018ರ ಯುಗಾದಿಗೆ ಹತ್ತು ದಿನ ಇರುವಾಗ ತೀರಿಕೊಂಡಳು. ಆ ಆರು ತಿಂಗಳಲ್ಲಿ ಬಹುಪಾಲು ನನ್ನ ಮನೆಯಲ್ಲಿಯೇ ಇದ್ದಳು. ಒಳ್ಳೆಯ ದಿನಗಳಲ್ಲಿ ಜಗುಲಿಯ ಮೇಲೆ ಕುಳಿತು ನನ್ನ ಬಾಲ್ಯದ ಕತೆಗಳನ್ನು ಸೊಸೆಗೆ ಹೇಳಿ ನಗುತ್ತಿದ್ದಳು. ನನಗೆ ಜ್ವರ ಬಂದಾಗಲೆಲ್ಲ ರಾತ್ರಿಯಿಡೀ ಎದ್ದು ಕುಳಿತು ಹಣೆ ಮುಟ್ಟಿ ನೋಡುತ್ತಿದ್ದುದಾಗಿ ಒಮ್ಮೆ ಹೇಳಿದಳು. “ಇವನು ಬಾಯಿಬಿಟ್ಟು ಹೇಳ್ತಾನೇ ಇರಲಿಲ್ಲಮ್ಮ, ಮುಖ ನೋಡಿ ತಿಳ್ಕೋಬೇಕಿತ್ತು” ಎಂದಳು. ಅವಳು ಏಳನೆಯ ತರಗತಿಗೆ ಶಾಲೆ ಬಿಟ್ಟವಳು.

ಶ್ರೋತೃಗಳೇ, ನಿಮ್ಮ ಮನೆಯಲ್ಲಿಯೂ ಅಂಥ ಒಬ್ಬ ತಾಯಿಯೋ ಅಕ್ಕನೋ ಅತ್ತೆಯೋ ಇರಬಹುದು. ಏನೂ ಇಲ್ಲ, ಪಿತ್ತ ಎಂದು ಅವರು ಹೇಳಿದಾಗ, ಹೆಚ್ಚು ಸಲ ಅದು ನಿಜವೇ ಆಗಿರುತ್ತದೆ. ಆದರೂ ಒಮ್ಮೆ ಅವರನ್ನು ಅಂಗಳದ ಬೆಳಕಿಗೆ ಕರೆದು, ಮುಖವನ್ನೂ ಕಣ್ಣನ್ನೂ ನೋಡಿ, ಬಳೆ ಸಡಿಲವಾಗಿದೆಯೇ ಎಂದು ಕೈ ಹಿಡಿದು ನೋಡಿ, ನೋವು ಎಂದಿನಿಂದ ಎಂದು ಕೇಳಿ. ಉತ್ತರ ಬರುವವರೆಗೂ ಅಲ್ಲಿಂದ ಏಳಬೇಡಿ.



(ಬಾನುಲಿ ಭಾಷಣ)